ಹಿಂದೆ ಬರುತ್ತಿರುವ ಹಡಗು

ಮಗಳು ಕಾಲೇಜಿಗೆ ಸೇರುತ್ತಾಳೆ. ಅವಳಿಗೊಂದು ಲ್ಯಾಪ್‌ಟಾಪ್ ಬೇಕು. ನೀವು ಕೈಯಲ್ಲಿರುವ ಹಣವನ್ನು ಲೆಕ್ಕ ಹಾಕುತ್ತೀರಿ, ನಾಲ್ಕು ಅಂಗಡಿ ಸುತ್ತುತ್ತೀರಿ, ತಿಳಿದವರಲ್ಲಿ ಕೇಳುತ್ತೀರಿ, ಕೊನೆಗೆ ಒಂದನ್ನು ಆರಿಸಿ ಮನೆಗೆ ತರುತ್ತೀರಿ. ಮೂರು ವಾರ ಕಳೆಯುವುದರೊಳಗೆ ಅದೇ ಕಂಪೆನಿಯವರು ಅದೇ ಮಾದರಿಯನ್ನು ಹೊಸ ಪ್ರೊಸೆಸರ್ ಹಾಕಿ, ಅದೇ ಬೆಲೆಗೆ ಮಾರುಕಟ್ಟೆಗೆ ಬಿಡುತ್ತಾರೆ. ನಿನ್ನೆಯವರೆಗೆ ಮನೆಯವರಿಗೆಲ್ಲ ಹೆಮ್ಮೆಯಾಗಿದ್ದ ವಸ್ತು ಇಂದು ಹಳೆಯದಾಗಿ ಕಾಣುತ್ತದೆ. ಆಗ ನಮ್ಮ ಬಾಯಿಂದ ಬರುವ ಮಾತು ಒಂದೇ: “ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ. ನಾವು ಮೋಸ ಹೋದೆವು.”

ಪ್ರಿಯ ಓದುಗರೇ, ಈ ಮಾತನ್ನು ಸ್ವಲ್ಪ ನಿಂತು ಪರಿಶೀಲಿಸೋಣ. ಮೋಸ ಎಂಬುದು ಸಣ್ಣ ಮಾತಲ್ಲ. ಒಬ್ಬನನ್ನು ಮೋಸಗಾರನೆಂದು ಕರೆಯುವುದಾದರೆ ಅದಕ್ಕೆ ಆಧಾರವಿರಬೇಕು. ಆಧಾರವಿಲ್ಲದಿದ್ದರೆ ಅದು ಅಪವಾದವಾಗುತ್ತದೆ. ನಿಜವಾಗಿಯೂ ಮೋಸ ನಡೆದಿದ್ದರೆ, ‘ವ್ಯಾಪಾರವೆಂದರೆ ಹಾಗೆಯೇ’ ಎಂದು ಅದನ್ನು ತಳ್ಳಿಹಾಕುವುದೂ ತಪ್ಪು. ಹೀಗಿರುವಾಗ ಕೇಳಬೇಕಾದ ಪ್ರಶ್ನೆ ಇದು: ನಾಳೆ ಬರಲಿರುವ ಸರಕಿನ ಸುದ್ದಿಯನ್ನು ಇಂದಿನ ಗಿರಾಕಿಗೆ ತಿಳಿಸುವ ಹೊಣೆ ಮಾರುವವನ ಮೇಲಿದೆಯೇ? ಕೊಳ್ಳುವವನು ಎಷ್ಟನ್ನು ತನ್ನ ಹಕ್ಕೆಂದು ನಿರೀಕ್ಷಿಸಬಹುದು?

ಒಂದು ವರ್ಷದ ಅನುಭವ

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ನಡೆದುಹೋದ ಒಂದು ಸಂಗತಿಯನ್ನೇ ತೆಗೆದುಕೊಳ್ಳೋಣ. 2006ರ ಜನವರಿ 10ರಂದು ಅಮೆರಿಕದ ಆಪಲ್ ಕಂಪೆನಿ ‘ಮ್ಯಾಕ್‌ಬುಕ್ ಪ್ರೊ’ ಎಂಬ ಹೊಸ ಲ್ಯಾಪ್‌ಟಾಪನ್ನು ಪ್ರಕಟಿಸಿತು. ಅದರೊಳಗಿದ್ದುದು ಇಂಟೆಲ್ ಕಂಪೆನಿಯ ‘ಕೋರ್ ಡ್ಯುಯೊ’ ಪ್ರೊಸೆಸರ್. ಅದೇ ವರ್ಷದ ಜುಲೈ ಕೊನೆಯಲ್ಲಿ ಇಂಟೆಲ್ ಅದರ ಮುಂದಿನ ಪ್ರೊಸೆಸರ್ ‘ಕೋರ್ 2 ಡ್ಯುಯೊ’ವನ್ನು ಜಗತ್ತಿಗೆ ತೋರಿಸಿತು. ಬೇರೆ ಕಂಪೆನಿಗಳ ಲ್ಯಾಪ್‌ಟಾಪುಗಳಲ್ಲಿ ಅದು ಬರತೊಡಗಿತು. ಸೆಪ್ಟೆಂಬರ್ 6ರಂದು ಆಪಲ್ ತನ್ನ ಮೇಜಿನ ಕಂಪ್ಯೂಟರಾದ ಐಮ್ಯಾಕ್‌ಗೆ ಅದನ್ನು ಅಳವಡಿಸಿತು. ಮ್ಯಾಕ್‌ಬುಕ್ ಪ್ರೊ ಮಾತ್ರ ಹಳೆಯ ಪ್ರೊಸೆಸರಿನೊಂದಿಗೇ ಮಾರಾಟವಾಗುತ್ತಿತ್ತು. ಹೊಸದು ಬಂದುದು ಅಕ್ಟೋಬರ್ 24ರಂದು.

ಈ ನಡುವಿನ ವಾರಗಳಲ್ಲಿ ಕೊಳ್ಳುವವರ ಮನಃಸ್ಥಿತಿ ಹೇಗಿದ್ದಿರಬಹುದು? ಕೆಲವರು ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ಕಾದರು. ಕೆಲವರು ಕಾಯಲಾರದೆ ಕೊಂಡರು. ಅಕ್ಟೋಬರ್ 20ರಂದು ಕೊಂಡವನಿಗೂ 24ರಂದು ಕೊಂಡವನಿಗೂ ನಾಲ್ಕೇ ದಿನದ ವ್ಯತ್ಯಾಸ. ಇಬ್ಬರೂ ತೆತ್ತ ಆರಂಭಿಕ ಬೆಲೆಯೂ ಒಂದೇ, 1,999 ಡಾಲರ್.

ಪ್ರೊಸೆಸರ್ ತಯಾರಾದ ಮರುದಿನವೇ ಲ್ಯಾಪ್‌ಟಾಪ್ ತಯಾರಾಗುವುದಿಲ್ಲ ಎಂಬುದನ್ನು ಇಲ್ಲಿ ನಾವು ಅರಿತಿರಬೇಕು. ಪ್ರೊಸೆಸರ್ ಮಾಡುವವರು ಬೇರೆ, ಅದನ್ನು ಕೂರಿಸಿ ಲ್ಯಾಪ್‌ಟಾಪ್ ಕಟ್ಟುವವರು ಬೇರೆ. ಹೊಸ ಪ್ರೊಸೆಸರ್ ಎಷ್ಟು ಬಿಸಿಯಾಗುತ್ತದೆ, ಬ್ಯಾಟರಿಯನ್ನು ಎಷ್ಟು ಹೀರುತ್ತದೆ, ಹಳೆಯ ಬೋರ್ಡಿನಲ್ಲಿ ಸರಿಯಾಗಿ ಕೂರುತ್ತದೆಯೇ ಎಂಬುದನ್ನೆಲ್ಲ ಪರೀಕ್ಷಿಸಬೇಕು. ಮೊದಲ ತಿಂಗಳುಗಳಲ್ಲಿ ಎಲ್ಲರಿಗೂ ಸಾಕಾಗುವಷ್ಟು ಪ್ರೊಸೆಸರ್ ಸಿಗದೆಯೂ ಇರಬಹುದು. ಇವೆಲ್ಲ ನ್ಯಾಯವಾದ ಕಾರಣಗಳು. ಅವುಗಳ ಜೊತೆಗೆ ಇನ್ನೊಂದು ಕಾರಣವೂ ಇರುತ್ತದೆ. ಗೋದಾಮಿನಲ್ಲಿರುವ ಹಳೆಯ ಸರಕು ಖಾಲಿಯಾಗಬೇಕು. ಆದ್ದರಿಂದ ತಡವಾದುದನ್ನೆಲ್ಲ ದುರಾಸೆಯೆಂದು ತಿಳಿಯಬಾರದು. ತಡಕ್ಕೆಲ್ಲ ತಾಂತ್ರಿಕ ಕಾರಣವೇ ಇದೆ ಎಂದು ನಂಬಲೂ ಬೇಕಾಗಿಲ್ಲ.

ಎರಡು ಸಾವಿರ ವರ್ಷದ ಹಳೆಯ ಪ್ರಶ್ನೆ

ಈ ಸಮಸ್ಯೆ ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಚಿಂತಕ ಸಿಸೆರೊ ಕರ್ತವ್ಯಗಳ ಕುರಿತು ಬರೆದ ಗ್ರಂಥದಲ್ಲಿ ಒಂದು ಉದಾಹರಣೆ ಕೊಡುತ್ತಾನೆ. ರೋಡ್ಸ್ ದ್ವೀಪದಲ್ಲಿ ಬರಗಾಲ. ಧಾನ್ಯಕ್ಕೆ ವಿಪರೀತ ಬೆಲೆ. ಅಲೆಗ್ಸಾಂಡ್ರಿಯದಿಂದ ಒಬ್ಬ ಸಜ್ಜನ ವ್ಯಾಪಾರಿ ಹಡಗಿನ ತುಂಬ ಧಾನ್ಯ ತರುತ್ತಾನೆ. ತನ್ನ ಹಿಂದೆಯೇ ಇನ್ನೂ ಅನೇಕ ಧಾನ್ಯದ ಹಡಗುಗಳು ಬರುತ್ತಿರುವುದನ್ನು ಅವನು ದಾರಿಯಲ್ಲಿ ಕಂಡಿದ್ದಾನೆ. ರೋಡ್ಸಿನ ಜನರಿಗೆ ಇದು ಗೊತ್ತಿಲ್ಲ. ಅವನು ಹೇಳಬೇಕೇ, ಅಥವಾ ಸುಮ್ಮನಿದ್ದು ಸಿಕ್ಕಿದ ಬೆಲೆಗೆ ಮಾರಬಹುದೇ?

ಡಯೋಜಿನಿಸ್ ಎಂಬ ಗುರು, ಅವನ ಶಿಷ್ಯ ಆಂಟಿಪೇಟರ್ ಇಬ್ಬರ ವಾದವನ್ನೂ ಸಿಸೆರೊ ಮುಂದಿಡುತ್ತಾನೆ. ಗುರುವಿನ ವಾದ ಹೀಗೆ: ಸರಕಿನಲ್ಲಿ ದೋಷವಿದ್ದರೆ ಕಾನೂನು ಕೇಳುವಷ್ಟನ್ನು ಹೇಳಬೇಕು, ಸುಳ್ಳಾಡಬಾರದು. ಅದರಾಚೆಗೆ ತನಗೆ ತಿಳಿದದ್ದನ್ನೆಲ್ಲ ಹೇಳಬೇಕಾಗಿಲ್ಲ, ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ. ಶಿಷ್ಯ ಒಪ್ಪುವುದಿಲ್ಲ. ಮನುಷ್ಯರೆಲ್ಲ ಒಂದೇ ಸಮಾಜದ ಅಂಗಗಳಾಗಿರುವಾಗ, ಕೊಳ್ಳುವವನಿಗೆ ಪ್ರಯೋಜನವಾಗುವ ಸುದ್ದಿಯನ್ನು ಬಚ್ಚಿಟ್ಟು ಲಾಭ ಮಾಡುವುದು ಸರಿಯಲ್ಲ ಎನ್ನುತ್ತಾನೆ. ಸಿಸೆರೊ ಕೊನೆಗೆ ಶಿಷ್ಯನ ಪಕ್ಷವನ್ನೇ ಹಿಡಿಯುತ್ತಾನೆ.

ನಮ್ಮ ಪರಂಪರೆಯಲ್ಲಿಯೂ ಇದಕ್ಕೆ ಹತ್ತಿರದ ಒಂದು ಘಟನೆಯಿದೆ. ಇಮಾಮ್ ಗಝ್ಝಾಲಿ(ರ) ತಮ್ಮ ‘ಇಹ್ಯಾ’ದಲ್ಲಿ ಸಂಪಾದನೆಯ ಶಿಷ್ಟಾಚಾರಗಳನ್ನು ವಿವರಿಸುವಲ್ಲಿ ಅದನ್ನು ಹೇಳುತ್ತಾರೆ. ಬಸರಾದಲ್ಲಿ ಒಬ್ಬ ವ್ಯಾಪಾರಿಯಿದ್ದರು. ಸೂಸ್ ಎಂಬ ಊರಿನಲ್ಲಿದ್ದ ಅವರ ಸೇವಕ, ಈ ವರ್ಷ ಕಬ್ಬಿಗೆ ರೋಗ ತಗಲಿದೆ, ಈಗಲೇ ಸಕ್ಕರೆ ಕೊಂಡಿಡಿ ಎಂದು ಬರೆದ. ಅವರು ಕೊಂಡರು. ಮೂವತ್ತು ಸಾವಿರ ಲಾಭ ಬಂತು. ರಾತ್ರಿಯಿಡೀ ಅವರಿಗೆ ನಿದ್ದೆ ಬರಲಿಲ್ಲ. ಬೆಳಗಾದೊಡನೆ ಸಕ್ಕರೆ ಮಾರಿದವನ ಬಳಿಗೆ ಹೋಗಿ, “ಬೆಲೆ ಏರುವ ಸುದ್ದಿಯನ್ನು ನಾನು ನಿನಗೆ ಹೇಳಲಿಲ್ಲ, ಈ ಹಣ ನಿನ್ನದು” ಎಂದರು. ಅವನು, “ಈಗ ಹೇಳಿದಿರಲ್ಲ, ನಾನು ಅದನ್ನು ನಿಮಗೆ ಬಿಟ್ಟುಕೊಟ್ಟಿದ್ದೇನೆ” ಎಂದ. ಮರಳಿ ಬಂದರೂ ಮನಸ್ಸಿಗೆ ನೆಮ್ಮದಿಯಿಲ್ಲ. ಅವನು ಸಂಕೋಚದಿಂದ ಹಾಗೆ ಹೇಳಿದ್ದಿರಬಹುದೆಂಬ ಅನುಮಾನ. ಮರುದಿನ ಮುಂಜಾನೆ ಮತ್ತೆ ಹೋಗಿ ಹಣವನ್ನು ಅವನ ಕೈಯಲ್ಲಿಟ್ಟೇ ಬಂದರು.

ಇಲ್ಲಿ ಸುದ್ದಿ ಗೊತ್ತಿದ್ದುದು ಮಾರುವವನಿಗಲ್ಲ, ಕೊಳ್ಳುವವನಿಗೆ. ಅಂದರೆ ಹೊಣೆ ಮಾರುವವನ ಹೆಗಲ ಮೇಲೆ ಮಾತ್ರ ಇರುವುದಲ್ಲ. ಯಾರಿಗೆ ಗೊತ್ತಿದೆಯೋ ಅವನ ಹೆಗಲ ಮೇಲಿದೆ.

ಬಾಯಿ ಬಿಟ್ಟವನಿಗೆ ಏನಾಯಿತು?

ಹಾಗಾದರೆ ಲ್ಯಾಪ್‌ಟಾಪ್ ಕಂಪೆನಿಗಳು ಮುಂದಿನ ಮಾದರಿಯ ಸುದ್ದಿಯನ್ನೆಲ್ಲ ಮೊದಲೇ ಹೇಳಿಬಿಡಬೇಕೇ? ಅವಸರದ ಉತ್ತರ ಬೇಡ. ಹೇಳಿ ಕೆಟ್ಟವನ ಕಥೆಯೊಂದು ಆ ಉದ್ಯಮದಲ್ಲಿ ನಲವತ್ತು ವರ್ಷಗಳಿಂದ ಪ್ರಚಲಿತವಾಗಿದೆ.

ಆಡಂ ಆಸ್‌ಬರ್ನ್ ಎಂಬವರು 1981ರಲ್ಲಿ 1,795 ಡಾಲರಿಗೆ ಒಂದು ಕಂಪ್ಯೂಟರನ್ನು ತಂದರು. ಸುಮಾರು ಹನ್ನೊಂದು ಕಿಲೋ ತೂಕವಿದ್ದರೂ ಕೈಯಲ್ಲಿ ಹಿಡಿದುಕೊಂಡು ಹೋಗಬಹುದಾಗಿದ್ದ ಅದನ್ನು ಇಂದಿನ ಲ್ಯಾಪ್‌ಟಾಪಿನ ಹಿರಿಯಣ್ಣ ಎನ್ನಬಹುದು. ಈ ಆಸ್‌ಬರ್ನ್ ಬಾಲ್ಯವನ್ನು ನೆರೆಯ ತಮಿಳುನಾಡಿನಲ್ಲಿ ಕಳೆದವರು. 2003ರಲ್ಲಿ ಕೊಡೈಕನಾಲ್‌ನಲ್ಲಿಯೇ ತೀರಿಕೊಂಡರು. ಕಂಪ್ಯೂಟರ್ ಚೆನ್ನಾಗಿ ಮಾರಾಟವಾಯಿತು. ಆದರೆ ಅದಕ್ಕಿಂತ ಉತ್ತಮವಾದ ಮಾದರಿಯ ಸುದ್ದಿ 1983ರಲ್ಲಿ ಮುಂಚೆಯೇ ಹೊರಬಿತ್ತು. ಹೊಸದು ಬರುತ್ತದಲ್ಲ ಎಂದು ಅಂಗಡಿಯವರು ಹಳೆಯದನ್ನು ಕೊಳ್ಳುವುದನ್ನು ನಿಲ್ಲಿಸಿದರು. ಹೊಸದು ಇನ್ನೂ ಕೈಗೆ ಬಂದಿರಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಂಪೆನಿ ದಿವಾಳಿಯಾಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಅದೇ ಬೆಲೆಗೆ ಹೆಚ್ಚು ದೊಡ್ಡ ಪರದೆಯ ಕೇಪ್ರೊ ಯಂತ್ರ ಪೈಪೋಟಿಗೆ ನಿಂತಿತ್ತು. ಆದರೆ ಉದ್ಯಮದವರ ಮನಸ್ಸಿನಲ್ಲಿ ಉಳಿದುದು ಒಂದೇ ಪಾಠ: ನಾಳೆಯ ಸುದ್ದಿ ಹೇಳಿದವನು ಇಂದೇ ಮುಳುಗುತ್ತಾನೆ.

ಈ ಭಯವನ್ನು ಕೇವಲ ಸ್ವಾರ್ಥವೆಂದು ಹೇಳಲಾಗದು. ಕಂಪೆನಿ ಮುಳುಗಿದರೆ ಅಲ್ಲಿ ದುಡಿಯುವವರ ಮನೆಯ ಒಲೆ ಆರುತ್ತದೆ. ಮುಂಗಡ ಕೊಟ್ಟವರ ಹಣ ಹೋಗುತ್ತದೆ. ಆಗಲೇ ಕೊಂಡವರಿಗೆ ರಿಪೇರಿಗೆ ಗತಿಯಿರುವುದಿಲ್ಲ.

ಇನ್ನೊಂದು ತೊಡಕೂ ಇದೆ. ರೋಡ್ಸಿನ ವ್ಯಾಪಾರಿ ಹಡಗುಗಳನ್ನು ಕಣ್ಣಾರೆ ಕಂಡಿದ್ದ. ಪ್ರೊಸೆಸರಿನ ಹಡಗುಗಳು ಎಷ್ಟೋ ಸಲ ದಡ ಸೇರುವುದೇ ಇಲ್ಲ. 2003ರ ಜೂನ್‌ನಲ್ಲಿ ಆಪಲ್‌ನ ಸ್ಟೀವ್ ಜಾಬ್ಸ್, ಹನ್ನೆರಡು ತಿಂಗಳೊಳಗೆ ಮೂರು ಗಿಗಾಹರ್ಟ್ಸ್ ವೇಗದ ಯಂತ್ರ ಕೊಡುತ್ತೇವೆಂದು ಸಭೆಯಲ್ಲಿ ಮಾತು ಕೊಟ್ಟರು. ಪ್ರೊಸೆಸರ್ ತಯಾರಿಸುತ್ತಿದ್ದ ಐಬಿಎಂ ಕಂಪೆನಿಗೆ ಅದು ಸಾಧ್ಯವಾಗಲಿಲ್ಲ. ಎರಡು ವರ್ಷಗಳ ಬಳಿಕ ಅದೇ ವೇದಿಕೆಯಲ್ಲಿ ನಿಂತು, ಕೊಟ್ಟ ಮಾತು ಈಡೇರಲಿಲ್ಲವೆಂದು ಅವರು ಒಪ್ಪಿಕೊಳ್ಳಬೇಕಾಯಿತು. ಜನರು ಕಾಯುತ್ತಿದ್ದ ಜಿ5 ಪ್ರೊಸೆಸರಿನ ಲ್ಯಾಪ್‌ಟಾಪ್ ಕೊನೆಗೂ ಬರಲೇ ಇಲ್ಲ. ಇಂಟೆಲ್‌ನ ‘ಬ್ರಾಡ್‌ವೆಲ್’ ಪ್ರೊಸೆಸರ್ ಕೂಡ ಹೇಳಿದ ಸಮಯಕ್ಕೆ ಬರಲಿಲ್ಲ. ಪರಿಣಾಮವಾಗಿ 2015ರ ಮೇ ತಿಂಗಳಲ್ಲಿ ಆಪಲ್ ತನ್ನ 15 ಇಂಚಿನ ಮ್ಯಾಕ್‌ಬುಕ್ ಪ್ರೊವನ್ನು ಅದರ ಹಿಂದಿನ ‘ಹ್ಯಾಸ್‌ವೆಲ್’ ಪ್ರೊಸೆಸರಿನೊಂದಿಗೇ ಬಿಡುಗಡೆ ಮಾಡಬೇಕಾಯಿತು. ಇಂಥ ಅನಿಶ್ಚಿತ ಸುದ್ದಿಯನ್ನು ಖಚಿತವೆಂಬಂತೆ ಹೇಳಿ ಜನರನ್ನು ಕಾಯಿಸುವುದೂ ಒಂದು ರೀತಿಯ ವಂಚನೆಯೇ ಆಗಬಹುದು.

ಆದ್ದರಿಂದ ನಾವು ಎರಡನ್ನು ಬೇರ್ಪಡಿಸಿ ನೋಡಬೇಕು. ಇನ್ನೂ ಕಟ್ಟುತ್ತಿರುವ ಹಡಗಿನ ಸುದ್ದಿ ಹೇಳದಿರುವವನನ್ನು ಮೋಸಗಾರನೆನ್ನಲಾಗದು. ಅವನಿಗೇ ಅದು ಖಚಿತವಿಲ್ಲ. ಆದರೆ ಹಡಗು ಬಂದರಿನ ಬಾಯಿಗೆ ಬಂದಿದೆ, ಬೆಲೆ ನಿಗದಿಯಾಗಿದೆ, ಸರಕು ಇಳಿಯುವ ದಿನ ಗೊತ್ತಾಗಿದೆ ಎಂದಾದಾಗ, “ಈಗ ಕೊಳ್ಳುವುದೋ, ಸ್ವಲ್ಪ ಕಾಯುವುದೋ?” ಎಂದು ಗಿರಾಕಿ ನೇರವಾಗಿ ಕೇಳಿದರೆ, “ಇಲ್ಲಪ್ಪ, ಸದ್ಯಕ್ಕೆ ಏನೂ ಬರುವುದಿಲ್ಲ” ಎನ್ನುವುದು ಸುಳ್ಳು. ಆ ಸುಳ್ಳಿಗೆ ವ್ಯಾಪಾರ ತಂತ್ರವೆಂಬ ಹೆಸರು ಹೊದಿಸಿದರೂ ಅದು ಸುಳ್ಳಾಗಿಯೇ ಉಳಿಯುತ್ತದೆ. ಹೇಳುವ ಸ್ವಾತಂತ್ರ್ಯ ತನಗಿಲ್ಲದಿದ್ದರೆ “ಅದನ್ನು ನಾನು ಹೇಳುವಂತಿಲ್ಲ” ಎಂದರೆ ಸಾಕು. ಬುದ್ಧಿವಂತ ಗಿರಾಕಿಗೆ ಅಷ್ಟರಲ್ಲೇ ಅರ್ಥವಾಗುತ್ತದೆ. ಕೊಂಡು ಹತ್ತು ಹದಿನೈದು ದಿನವೂ ಆಗದವನಿಗೆ ಬದಲಾಯಿಸಿ ಕೊಡುವ ಸೌಜನ್ಯ ತೋರಿದರಂತೂ ಬಸರಾದ ವ್ಯಾಪಾರಿಯ ದಾರಿಯಲ್ಲಿ ಒಂದು ಹೆಜ್ಜೆ ನಡೆದಂತೆ.

ರಾಶಿಯ ಅಡಿಯಲ್ಲಿರುವುದು

ನಾಳೆಯ ಕುರಿತಾದ ಮೌನಕ್ಕಿಂತ ಗಂಭೀರವಾದುದು ಇಂದಿನದನ್ನು ಮರೆಮಾಚುವುದು. ಒದ್ದೆಯಾದ ಧಾನ್ಯವನ್ನು ಕೆಳಗಿಟ್ಟು ಒಣಗಿದ್ದನ್ನು ಮೇಲೆ ಹರಡಿದ್ದ ವ್ಯಾಪಾರಿಯ ರಾಶಿಯೊಳಗೆ ಪ್ರವಾದಿಯವರು(ಸ) ಕೈಹಾಕಿ ನೋಡಿದ ಪ್ರಸಂಗ ನಿಮಗೆಲ್ಲ ತಿಳಿದದ್ದೇ. ಮಳೆ ಬಿದ್ದುದು ಆ ವ್ಯಾಪಾರಿಯ ತಪ್ಪಾಗಿರಲಿಲ್ಲ. ತೇವವನ್ನು ಜನರ ಕಣ್ಣಿಗೆ ಬೀಳದಂತೆ ಅಡಿಯಲ್ಲಿಟ್ಟುದು ತಪ್ಪಾಗಿತ್ತು. ದೋಷವನ್ನು ಮುಚ್ಚಿ ಮಾರಿದರೆ ಸರಕನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ ಎಂದು ನಮ್ಮ ಕರ್ಮಶಾಸ್ತ್ರ ಹೇಳುವುದೂ ಇದೇ ಕಾರಣಕ್ಕಾಗಿ.

ಲ್ಯಾಪ್‌ಟಾಪಿನಲ್ಲಿ ರಾಶಿಯ ಅಡಿ ಯಾವುದು? ಹೆಸರು ಮತ್ತು ಸಂಖ್ಯೆ. ಎಎಂಡಿ ಕಂಪೆನಿಯ ‘ರೈಜೆನ್ 5 7520ಯು’ ಎಂಬ ಪ್ರೊಸೆಸರನ್ನು ನೋಡಿ. 2022ರಲ್ಲಿ ಬಂದ ಇದು ಹೊಸ 7000 ಸಾಲಿಗೆ ಸೇರಿದೆ. ಆದರೆ ಇದರೊಳಗಿನ ರಚನೆ ‘ಝೆನ್ 2’, ಅಂದರೆ 2019ರಲ್ಲಿ ಮೊದಲು ಬಂದುದು. ಅದೇ 7000 ಸಾಲಿನ ‘7840ಯು’ನಲ್ಲಿರುವುದು ಅದಕ್ಕಿಂತ ಎರಡು ಹೆಜ್ಜೆ ಮುಂದಿನ ‘ಝೆನ್ 4’. ಕಂಪೆನಿ ಇದನ್ನು ಗುಟ್ಟಾಗಿ ಇಟ್ಟಿರಲಿಲ್ಲ. ಮೂರನೆಯ ಅಂಕಿಯನ್ನು ನೋಡಿದರೆ ರಚನೆ ಯಾವುದೆಂದು ತಿಳಿಯುತ್ತದೆ ಎಂದು ಅದೇ ವಿವರಿಸಿತ್ತು. ಇಂಟೆಲ್ ಕೂಡ 2019ರಲ್ಲಿ ‘ಹತ್ತನೇ ಜನರೇಷನ್’ ಎಂಬ ಒಂದೇ ಹೆಸರಿನಡಿ ಎರಡು ಬಗೆಯ ಪ್ರೊಸೆಸರುಗಳನ್ನು ಮಾರಿತು. ಒಂದು ಹೊಸ ವಿಧಾನದಲ್ಲಿ ತಯಾರಾದುದು, ಇನ್ನೊಂದು ಹಳೆಯ ವಿಧಾನದ್ದೇ.

ಹಳೆಯ ರಚನೆಯನ್ನು ಮಾರುವುದು ತಪ್ಪಲ್ಲ. ಅದು ಅಗ್ಗವಾಗಿರಬಹುದು, ವಿದ್ಯಾರ್ಥಿಯ ಕೆಲಸಕ್ಕೆ ಧಾರಾಳ ಸಾಕಾಗಬಹುದು. ಪ್ರಶ್ನೆಯಿರುವುದು ಬೇರೆಡೆ. ಮೂರನೆಯ ಅಂಕಿಯ ಗುಟ್ಟು ಗೊತ್ತಿರುವುದು ಎಷ್ಟು ತಂದೆ ತಾಯಂದಿರಿಗೆ? ಕೊಳ್ಳುವವನಿಗೆ ಅರ್ಥವಾಗದ ಭಾಷೆಯಲ್ಲಿ ಹೇಳಿದ ಸತ್ಯ, ಹೇಳಿದಂತೆ ಆಗುತ್ತದೆಯೇ? ಕಾನೂನಿನ ತಕ್ಕಡಿಯಲ್ಲಿ ಅದು ತೂಗಬಹುದು. ಆದರೆ ಅಂತಃಸಾಕ್ಷಿಯ ತಕ್ಕಡಿಯಲ್ಲಿ ತೂಗಲಾರದು. “ಇದು ಹೊಸ ಸಾಲಿನದು” ಎಂದು ಹೇಳಿ ಅಲ್ಲಿಗೇ ಮಾತು ನಿಲ್ಲಿಸುವ ಅಂಗಡಿಯಾತ, ಆ ಮಾತು ಕೇಳಿದವನು ಏನೆಂದು ತಿಳಿದುಕೊಳ್ಳುತ್ತಾನೆ ಎಂಬುದನ್ನು ಚೆನ್ನಾಗಿ ಬಲ್ಲ. ಆ ತಪ್ಪು ತಿಳಿವಳಿಕೆಯಿಂದ ಬಂದ ಲಾಭವೇ ರಾಶಿಯ ಅಡಿಯ ತೇವ.

ನಮ್ಮ ತಕ್ಕಡಿ

ಇಷ್ಟು ಹೊತ್ತು ಮಾರುವವನನ್ನು ತೂಗಿದೆವು. ಈಗ ನಮ್ಮನ್ನೇ ತೂಗಿಕೊಳ್ಳೋಣ.

2006ರ ಕಥೆಯಲ್ಲಿ ನಾನು ಇನ್ನೂ ಹೇಳದ ಒಂದು ಭಾಗವಿದೆ. ಜನವರಿಯಲ್ಲಿ ಪ್ರಕಟವಾದಾಗ ಮ್ಯಾಕ್‌ಬುಕ್ ಪ್ರೊದ ವೇಗ 1.67 ಮತ್ತು 1.83 ಗಿಗಾಹರ್ಟ್ಸ್ ಎಂದಿತ್ತು. ಜನರು ಅದನ್ನು ನಂಬಿ ಮುಂಗಡ ಬುಕ್ ಮಾಡಿದರು. ಫೆಬ್ರವರಿಯಲ್ಲಿ ಯಂತ್ರಗಳು ಹೊರಟಾಗ ಕಂಪೆನಿ ಅದೇ ಬೆಲೆಗೆ 1.83 ಮತ್ತು 2.0 ಗಿಗಾಹರ್ಟ್ಸಿನವನ್ನು ಕೊಟ್ಟಿತು. ಒಪ್ಪಂದಕ್ಕಿಂತ ಹೆಚ್ಚು ಸಿಕ್ಕಿತು. ಆಗ ಯಾರಾದರೂ, “ನಾನು ಕೇಳಿದ್ದು ಇಷ್ಟಲ್ಲ, ಹೆಚ್ಚಿನದರ ಬೆಲೆ ತೆಗೆದುಕೊಳ್ಳಿ” ಎಂದಿದ್ದಾರೆಯೇ? ನಾವಾಗಿದ್ದರೂ ಹಾಗೆ ಹೇಳುತ್ತಿರಲಿಲ್ಲ. ಕಾಲ ನಮ್ಮ ಕಡೆಗೆ ವಾಲಿದರೆ ಅದೃಷ್ಟ ಎನ್ನುತ್ತೇವೆ. ಅದೇ ಕಾಲ ಇನ್ನೊಬ್ಬರ ಕಡೆಗೆ ವಾಲಿದರೆ ಮೋಸ ಎನ್ನುತ್ತೇವೆ. ಒಂದೇ ತಕ್ಕಡಿಗೆ ಎರಡು ಬಗೆಯ ಬಟ್ಟು ಇಡುವವರು ಅಂಗಡಿಯವರು ಮಾತ್ರವಲ್ಲ.

ನೀವು ಕೊಂಡ ಯಂತ್ರ ಕೊಂಡ ದಿನ ಏನು ಮಾಡುತ್ತಿತ್ತೋ ಅದನ್ನೇ ಇಂದೂ ಮಾಡುತ್ತಿದೆ. ಮಗಳ ಪಾಠ ಅದರಲ್ಲಿ ನಿಂತಿಲ್ಲ. ಬದಲಾದುದು ಒಂದೇ: ಪಕ್ಕದಲ್ಲಿ ಇನ್ನೊಂದು ಬಂದು ನಿಂತಿದೆ. ಪಕ್ಕದಲ್ಲಿ ಇನ್ನೊಂದು ಬಂದ ಮಾತ್ರಕ್ಕೆ ನಮ್ಮದು ಕಡಿಮೆಯಾಗುವುದಾದರೆ, ಆ ಕೊರತೆ ಇರುವುದು ಯಂತ್ರದಲ್ಲಲ್ಲ, ನಮ್ಮ ಮನಸ್ಸಿನಲ್ಲಿ. ಹೊಸ ಪ್ರೊಸೆಸರ್ ಹೆಚ್ಚುಕಡಿಮೆ ಪ್ರತಿ ವರ್ಷ ಬರುತ್ತಿದೆ. ಅತ್ಯಂತ ಹೊಸದನ್ನೇ ಕೊಳ್ಳುತ್ತೇನೆಂದು ಕಾಯುವವನು ಯಾವಾಗಲೂ ಕಾಯುತ್ತಲೇ ಇರಬೇಕಾಗುತ್ತದೆ. ಇದ್ದುದನ್ನು ಬಿಟ್ಟು ಕಂತಿನ ಸಾಲ ಮಾಡಿ ಹೊಸದರ ಹಿಂದೆ ಓಡುವವನು ಸಾಲವನ್ನೂ ಅತೃಪ್ತಿಯನ್ನೂ ಒಟ್ಟಿಗೆ ಮನೆಗೆ ತರುತ್ತಾನೆ.

ನೋವು ನಿಜವಾಗುವ ಜಾಗ

ಹಾಗೆಂದು ಕೊಂಡವರ ದೂರನ್ನೆಲ್ಲ ಅತೃಪ್ತಿಯೆಂದು ತಳ್ಳಿಹಾಕಿದರೆ ಅದು ಅನ್ಯಾಯವಾದೀತು. ಅಕ್ಟೋಬರ್ 20ರಂದು ಕೊಂಡವನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಅವನ ಕೋರ್ ಡ್ಯುಯೊ 32 ಬಿಟ್‌ನದು, ನಾಲ್ಕು ದಿನದ ಬಳಿಕ ಬಂದ ಕೋರ್ 2 ಡ್ಯುಯೊ 64 ಬಿಟ್‌ನದು. ಆ ದಿನ ಈ ವ್ಯತ್ಯಾಸ ಯಾರ ಕಣ್ಣಿಗೂ ದೊಡ್ಡದಾಗಿ ಕಾಣಿಸುವಂತಿರಲಿಲ್ಲ. 2011ರ ಜುಲೈಯಲ್ಲಿ ಆಪಲ್ ತನ್ನ ಹೊಸ ಕಾರ್ಯವ್ಯವಸ್ಥೆ ‘ಲಯನ್’ ಅನ್ನು ಬಿಡುಗಡೆ ಮಾಡಿದಾಗ, ಕೋರ್ 2 ಡ್ಯುಯೊ ಅಥವಾ ಅದರ ನಂತರದ್ದು ಬೇಕೆಂದು ಗೆರೆ ಎಳೆಯಿತು. ಒಬ್ಬನ ಯಂತ್ರ ಮುಂದಕ್ಕೆ ಹೋಯಿತು. ಇನ್ನೊಬ್ಬನದು ಕೆಟ್ಟಿರದಿದ್ದರೂ ಹಿಂದೆ ಉಳಿಯಿತು.

ಇತ್ತೀಚೆಗೆ ನಮ್ಮ ಮನೆಗಳಿಗೂ ಇಂಥದೇ ಗೆರೆ ಬಂದು ತಲುಪಿತು. 2021ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ 11 ತಂದಾಗ, ಇಂಟೆಲ್‌ನಲ್ಲಿ ಕೆಲವೇ ಅಪವಾದಗಳನ್ನು ಬಿಟ್ಟು ಎಂಟನೇ ಜನರೇಷನ್ ಮತ್ತು ನಂತರದವುಗಳಿಗೆ ಮಾತ್ರ ಅವಕಾಶವೆಂದಿತು. ಲ್ಯಾಪ್‌ಟಾಪಿನ ಎಂಟನೇ ಜನರೇಷನ್ ಬಂದದ್ದು 2017ರ ಆಗಸ್ಟಿನಲ್ಲಿ. ಆ ವರ್ಷದ ಕೊನೆಗೆ ಅಂಗಡಿಯಲ್ಲಿ ಉಳಿದಿದ್ದ ಏಳನೇ ಜನರೇಷನ್ ಲ್ಯಾಪ್‌ಟಾಪನ್ನು ರಿಯಾಯಿತಿಯೆಂದು ಸಂತೋಷದಿಂದ ಕೊಂಡವನು ಗೆರೆಯ ಆಚೆಗೆ ಉಳಿದ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಕೊನೆಗೊಂಡಿತು.

ಇಲ್ಲಿ ಯಾರನ್ನು ದೂರೋಣ? 2017ರಲ್ಲಿ ಮಾರಿದ ಅಂಗಡಿಯಾತನಿಗೆ 2021ರ ಗೆರೆ ಗೊತ್ತಿರಲಿಲ್ಲ. ಗೊತ್ತಿಲ್ಲದುದನ್ನು ಹೇಳಲಿಲ್ಲವೆಂದು ಅವನನ್ನು ದೂಷಿಸಲಾಗದು. ಆದರೆ ಗೆರೆ ಎಳೆದವರಿಗೆ ಆ ಗೆರೆಯ ಆಚೆ ಯಾರು ನಿಂತಿದ್ದಾರೆಂಬುದು ಗೊತ್ತಿತ್ತು. ಬಸರಾದ ವ್ಯಾಪಾರಿಯ ಕಥೆಯಲ್ಲಿ ಕಂಡ ನಿಯಮ ಇಲ್ಲಿಯೂ ಅನ್ವಯಿಸುತ್ತದೆ. ಯಾರಿಗೆ ಗೊತ್ತಿದೆಯೋ ಅವನಿಗೆ ಹೊಣೆಯಿದೆ. ಸುಭದ್ರತೆಗಾಗಿ ಗೆರೆ ಅಗತ್ಯವಾಗಿರಬಹುದು. ಆದರೂ ಸರಿಯಾಗಿ ನಡೆಯುತ್ತಿರುವ ಯಂತ್ರವನ್ನು ತಮ್ಮ ತೀರ್ಮಾನದಿಂದ ಹಳೆಯದು ಮಾಡುವವರು, ಅದನ್ನು ಹಿಡಿದುಕೊಂಡಿರುವವರಿಗೆ ಸಾಕಷ್ಟು ಸಮಯವನ್ನೂ ದಾರಿಯನ್ನೂ ಕೊಡಲು ಬಾಧ್ಯರು. ಮನೆಬಳಕೆಯವರಿಗೆ 2026ರ ಅಕ್ಟೋಬರ್‌ವರೆಗೆ ಒಂದು ವರ್ಷದ ಹೆಚ್ಚುವರಿ ಭದ್ರತಾ ನೆರವನ್ನು ಮೈಕ್ರೋಸಾಫ್ಟ್ ಪ್ರಕಟಿಸಿತು. ಅದು ಸಾಕೇ ಎಂಬುದು ಚರ್ಚಿಸಬೇಕಾದ ವಿಷಯ. ಏನಾದರೂ ಕೊಡಬೇಕೆಂಬ ಹೊಣೆಯನ್ನಾದರೂ ಅದು ಒಪ್ಪಿಕೊಂಡಂತಾಯಿತು.

ಕೊಳ್ಳುವ ಮುನ್ನ

ಪ್ರಿಯ ಓದುಗರೇ, ಮುಂದಿನ ಸಲ ಅಂಗಡಿಗೆ ಹೋಗುವಾಗ ಮೊದಲು ಮನೆಯಲ್ಲಿ ಕುಳಿತು ಕೇಳಿಕೊಳ್ಳಿ: ಇದು ಯಾವ ಕೆಲಸಕ್ಕೆ, ಎಷ್ಟು ವರ್ಷಕ್ಕೆ? ಕೆಲಸ ಇಂದೇ ಆಗಬೇಕಾದರೆ ಇಂದೇ ಕೊಳ್ಳಿ. ಕೊಂಡ ಮೇಲೆ ಮಾರುಕಟ್ಟೆಯ ಕಡೆಗೆ ತಿರುಗಿ ನೋಡಬೇಡಿ. ಅಂಗಡಿಯಾತನಲ್ಲಿ ಮೂರು ಪ್ರಶ್ನೆ ಕೇಳಿ. ಈ ಪ್ರೊಸೆಸರಿನ ರಚನೆ ಯಾವ ವರ್ಷದ್ದು? ಇದಕ್ಕೆ ಎಷ್ಟು ವರ್ಷ ಬೆಂಬಲ ಸಿಗುತ್ತದೆ? ಇದರ ಬದಲಿಗೆ ಬೇರೆ ಮಾದರಿ ಬರುವ ಸುದ್ದಿಯಿದೆಯೇ? ಉತ್ತರ ಗೊತ್ತಿಲ್ಲವೆಂದರೆ ಅದನ್ನೂ ಒಂದು ಪ್ರಾಮಾಣಿಕ ಉತ್ತರವೆಂದು ಸ್ವೀಕರಿಸಿ. ಕೇಳದೇ ಕೊಂಡು ಆಮೇಲೆ ಹೇಳಲಿಲ್ಲವೆಂದು ದೂರುವುದರಲ್ಲಿ ಅರ್ಧ ತಪ್ಪು ನಮ್ಮದೂ ಇರುತ್ತದೆ.

ನಮ್ಮ ಓದುಗರಲ್ಲಿ ವ್ಯಾಪಾರಿಗಳೂ ಇದ್ದೀರಿ. ಕಂಪ್ಯೂಟರ್, ಮೊಬೈಲ್ ಅಂಗಡಿ ಇಟ್ಟಿರುವ ಯುವಕರೂ ಇದ್ದೀರಿ. ನಿಮ್ಮೆದುರು ನಿಂತ ತಂದೆಗೆ ಸಂಖ್ಯೆಗಳ ಭಾಷೆ ಬರುವುದಿಲ್ಲ. ಅವನು ತನ್ನ ವರ್ಷದ ಉಳಿತಾಯವನ್ನು ನಿಮ್ಮ ಮಾತಿನ ಮೇಲೆ ಇಡುತ್ತಿದ್ದಾನೆ. ಆ ನಂಬಿಕೆ ನಿಮ್ಮ ಕೈಯಲ್ಲಿರುವ ಅಮಾನತ್ತು. ಅವನು ಕೇಳಲು ತಿಳಿಯದ ಪ್ರಶ್ನೆಗೂ ಉತ್ತರ ಹೇಳುವ ವ್ಯಾಪಾರಿಗೆ ಒಂದು ದಿನದ ವ್ಯಾಪಾರ ತಪ್ಪಬಹುದು. ಆದರೆ ರಾತ್ರಿ ಅವನಿಗೆ ನಿದ್ದೆ ಬರುತ್ತದೆ. ಮೂವತ್ತು ಸಾವಿರ ಕೈಗೆ ಬಂದ ಮೇಲೂ ಬಸರಾದ ಆ ವ್ಯಾಪಾರಿಗೆ ಇಲ್ಲದೆ ಹೋದದ್ದು ಅದೊಂದೇ ಅಲ್ಲವೇ?